ಮನೆಶಾಲೆಯ ಮೊದಲ ವಾರ

ಕ್ಯಾಲಿಫೋರ್ನಿಯಾದಲ್ಲಿ 6ರಿಂದ 18 ವಯಸ್ಸಿನ ಮಕ್ಕಳಿಗೆ ಶಿಕ್ಷಣ ಕಡ್ಡಾಯ. ಮನೆಯಲ್ಲಿಯೇ ಕಲಿಸಬಯಸುವ ತಂದೆತಾಯಿಯರು ಮನೆಯನ್ನು ಖಾಸಗಿ ಶಾಲೆಯೆಂದು ಘೋಷಿಸಿ, ಪ್ರತಿವರ್ಷ ಅಕ್ಟೋಬರ್ 1ರಿಂದ 15ರೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಪ್ರಮಾಣಪತ್ರ ಸಲ್ಲಿಸುವುದು ರೂಢಿಯಲ್ಲಿರುವ ಮಾರ್ಗಗಳಲ್ಲೊಂದು. 2008ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವೂ ಈ ಮಾರ್ಗವನ್ನು ಎತ್ತಿಹಿಡಿಯಿತು. ಹಾಜರಿ ಪುಸ್ತಕವನ್ನೂ ಇಡಬೇಕು. ಆದರೆ ಕಲಿಯಲೊಲ್ಲದ ಮಗುವನ್ನು ಒಲಿಸುವ ಬಗೆಯನ್ನು ಯಾವ ಕಾನೂನೂ ಹೇಳುವುದಿಲ್ಲ.

ಫ್ರೀಮಾಂಟಿನ ನಮ್ಮ ಮನೆಯಲ್ಲಿ ಮೊದಲ ವರ್ಷ ನಾನು ಗೋಡೆಗೆ ವೇಳಾಪಟ್ಟಿ ಅಂಟಿಸಿ, ಒಂಬತ್ತಕ್ಕೆ ಸರಿಯಾಗಿ ಗಣಿತ ಆರಂಭಿಸಿದೆ. ಮೂರನೆಯ ದಿನ ಎಂಟು ವರ್ಷದ ಮಗಳು ಪುಸ್ತಕವನ್ನು ಹಾಸಿಗೆಯಡಿ ಬಚ್ಚಿಟ್ಟು, “ಅಮ್ಮ, ನೀನು ಟೀಚರ್ ಆಗಬೇಡ” ಎಂದು ಅತ್ತಳು. ಅವಳಿಗೆ ಬೇಡವಾದದ್ದು ನನ್ನ ಹೊಸ ವೇಷ.

ಮರುವರ್ಷ ಕ್ರಮವನ್ನು ಬದಲಿಸಿದೆ. ಮೊದಲ ವಾರ ಪಠ್ಯಪುಸ್ತಕ ತೆರೆಯಲಿಲ್ಲ. ಒಂದು ದಿನ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂಗೆ ಹೋದೆವು. ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಥಾಪಿಸಿದ ಈ ಸಂಗ್ರಹಾಲಯದಲ್ಲಿ ಮುಟ್ಟಿ ನೋಡುವುದೇ ಪಾಠ. ಇನ್ನೊಂದು ದಿನ ಕಯೋಟಿ ಹಿಲ್ಸ್‌ನ ಜೌಗುನೆಲದಲ್ಲಿ ಹಕ್ಕಿಗಳನ್ನು ಎಣಿಸಿದೆವು, ಎಣಿಕೆಯೇ ಗಣಿತವಾಯಿತು. ಚಿತ್ರಾನ್ನಕ್ಕೆ ಅಕ್ಕಿ ಅಳೆಯುವಾಗ ಅರ್ಧ, ಕಾಲು, ಮುಕ್ಕಾಲು ತಾವಾಗಿಯೇ ಬಂದವು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಆಟದೊಡನೆ ಬೆಸೆಯಲು ನಡೆಸಿದ ಪ್ರಯೋಗ ಆಗ ನನಗೆ ನೆನಪಾಯಿತು.

ಎರಡನೆಯ ವಾರದಿಂದ ದಿನಕ್ಕೆ ಇಪ್ಪತ್ತು ನಿಮಿಷದ ಒಂದೇ ಪಾಠ. ವಿಷಯದ ಆಯ್ಕೆ ಅವಳದು. ನಂತರ ಒಂದೊಂದಾಗಿ ಹೆಚ್ಚಿಸಿದೆ.

ವಿಜಯದಶಮಿಯಂದು ತಟ್ಟೆಯ ಅಕ್ಕಿಯಲ್ಲಿ ಅವಳು ತಮ್ಮನ ಬೆರಳು ಹಿಡಿದು ‘ಅ’ ಬರೆಸಿದಳು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನೂ ತಾನೇ ಸೇರಿಸಿದಳು.