ಸ್ಪರ್ಧೆಗೂ ಮೊದಲು ಅಳತೆ: ಮಲಪ್ರಭೆ ಕೊಳ್ಳದ ಊರುಗಳ ನೀರು

ನೀರು ಮತ್ತು ಒಳಚರಂಡಿ ಸೇವೆಗೆ ಸ್ಪರ್ಧೆ ತರುವ ಮಾತು ಬಂದಾಗಲೆಲ್ಲ ನಮ್ಮ ಸಮೀಕ್ಷೆಗಳು ಲಂಡನ್ನಿನಿಂದ ಹೊರಟು ಬೆಂಗಳೂರು, ಹುಬ್ಬಳ್ಳಿಗಳಿಗೆ ಬಂದು ನಿಲ್ಲುತ್ತವೆ. ಹುಬ್ಬಳ್ಳಿ-ಧಾರವಾಡಕ್ಕೆ ನೀರುಣಿಸುವ, ಮಲಪ್ರಭಾ ನದಿಯ ರೇಣುಕಾಸಾಗರ ಜಲಾಶಯ ಇರುವುದು ಸವದತ್ತಿ ಪಕ್ಕದ ನವಿಲುತೀರ್ಥದಲ್ಲಿ. ಆದರೂ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಹೆಸರು ಆ ಸಮೀಕ್ಷೆಗಳಲ್ಲಿ ಸಿಗುವುದು ಅಪರೂಪ. ಈ ಮರೆವಿನಿಂದ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಸಣ್ಣ ಊರುಗಳಲ್ಲಿ ಸ್ಪರ್ಧೆಯೇ ಇಲ್ಲ, ಅದನ್ನು ಹೊರಗಿನಿಂದ ತರಬೇಕು ಎಂಬುದು. ಸ್ಪರ್ಧೆ ಅಲ್ಲಿ ಆಗಲೇ ಇದೆ. ಇಲ್ಲದಿರುವುದು ಅಳತೆ ಮತ್ತು ನ್ಯಾಯ ಹೇಳುವವರು.

ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಪೈಪು ಹೂಳುವುದು ದಂಡದ ಖರ್ಚು. ಆದ್ದರಿಂದ ಗುತ್ತಿಗೆ ಹಿಡಿಯುವಾಗಲೇ ಪೈಪೋಟಿ ನಡೆಯಲಿ ಎಂದು ಇಂಗ್ಲೆಂಡಿನ ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ 1859ರಲ್ಲೇ ವಾದಿಸಿದ್ದ. 1989ರಲ್ಲಿ ಇಂಗ್ಲೆಂಡ್ ನೀರಿನ ಸಂಸ್ಥೆಗಳನ್ನು ಖಾಸಗಿಗೆ ಮಾರಿದಾಗ, ಒಂದು ಕಂಪನಿಯ ಖರ್ಚನ್ನು ಇನ್ನೊಂದರ ಜೊತೆ ಹೋಲಿಸಿ ದರ ಕಟ್ಟುವ ಕೆಲಸ ಆಫ್ವಾಟ್ ಎಂಬ ನಿಯಂತ್ರಕನಿಗೆ ಬಂತು. ಸ್ಕಾಟ್ಲೆಂಡ್ 2008ರಲ್ಲಿ, ಇಂಗ್ಲೆಂಡ್ 2017ರಲ್ಲಿ ವ್ಯಾಪಾರಿ ಗ್ರಾಹಕರಿಗಷ್ಟೇ ಕಂಪನಿ ಆರಿಸುವ ಅವಕಾಶ ಕೊಟ್ಟವು, ಮನೆಗಳಿಗೆ ಅದಿಲ್ಲ. ನಮ್ಮಲ್ಲಿ ಬೆಂಗಳೂರು ಜಲಮಂಡಳಿ 1964ರಲ್ಲಿ, ಉಳಿದ ನಗರಗಳಿಗಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ 1975ರಲ್ಲಿ ಬಂದವು. ಇತ್ತ ನೀರಾವರಿಯಲ್ಲಿ, ಇದೇ ಮಲಪ್ರಭಾ ಅಚ್ಚುಕಟ್ಟಿನ ನರಗುಂದ-ನವಲಗುಂದದ ರೈತರು ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ಬಂಡೆದ್ದರು. ನೀರು ಸರಿಯಾಗಿ ತಲುಪಿಸದೆ ದರ ಕೇಳಬಾರದೆಂಬ ಆ ಪಾಠವನ್ನು ನಗರ ನೀರಿನ ಚರಿತ್ರೆ ಬರೆದವರು ಲೆಕ್ಕಕ್ಕೇ ಹಿಡಿದಿಲ್ಲ.

ನಗರ ನೀರಿನಲ್ಲಿ ನಿಜವಾದ ತಿರುವು ಬಂದದ್ದು ವಿಶ್ವಬ್ಯಾಂಕ್ 2004ರಲ್ಲಿ ಸಾಲ ಮಂಜೂರು ಮಾಡಿದ ಯೋಜನೆಯಿಂದ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ವಾರ್ಡುಗಳಲ್ಲಿ ಹಳೆಯ ಕೊಳವೆ ಕಿತ್ತು ಹೊಸದು ಹಾಕಿ, ಮನೆಮನೆಗೆ ಮೀಟರ್ ಕೂಡಿಸಿ, ಟೆಂಡರಿನಲ್ಲಿ ಗೆದ್ದ ಫ್ರೆಂಚ್ ಕಂಪನಿ ವಿಯೋಲಿಯಾಕ್ಕೆ ನಿರ್ವಹಣೆ ವಹಿಸಿದರು. 2008ರ ಹೊತ್ತಿಗೆ ಅಲ್ಲಿ ದಿನವಿಡೀ ನೀರು ಬರತೊಡಗಿತು. ಬಂಡವಾಳ ಸಾಲ ಮತ್ತು ಸರ್ಕಾರದ್ದು; ಕಂಪನಿಗೆ ಸಿಕ್ಕಿದ್ದು ಕೆಲಸಕ್ಕೆ ತಕ್ಕ ಶುಲ್ಕ. ಮೂರು ನಗರಗಳ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗಕ್ಕಷ್ಟೇ ತಲುಪಿದ್ದರಿಂದ ಇದು ತೋರಿಕೆಯ ಪ್ರಯೋಗ ಎಂದವರುಂಟು. ವ್ಯಾಪ್ತಿಯ ಬಗೆಗಿನ ಆಕ್ಷೇಪ ಸರಿ. ಇಡೀ ಹುಬ್ಬಳ್ಳಿ-ಧಾರವಾಡಕ್ಕೆ ಹಬ್ಬಿಸಲು 2016ರಲ್ಲಿ ಮತ್ತೊಂದು ಸಾಲ ಬೇಕಾಯಿತು. ಆದರೂ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠ ನಮಗೆ ಸಿಕ್ಕಿಲ್ಲ. ಎಷ್ಟು ನೀರು ಹೊರಟಿತು, ಎಷ್ಟು ತಲುಪಿತು ಎಂಬ ಲೆಕ್ಕ ಇದ್ದುದರಿಂದಲೇ ಕಂಪನಿಯನ್ನು ಪ್ರಶ್ನಿಸಲು ಸಾಧ್ಯವಾಯಿತು.

ಆ ಲೆಕ್ಕವಿಲ್ಲದ ಊರಿನಲ್ಲಿ ಏನಾಗುತ್ತದೆ? ಸರದಿಯ ಮೇಲೆ ನೀರು ಬಿಡುವ ಓಣಿಯಲ್ಲಿ ವಾಲ್ವ್ ತಿರುಗಿದ ಕೂಡಲೇ ಉಳ್ಳವರು ನಳಕ್ಕೇ ಮೋಟಾರ್ ಹಚ್ಚಿ ಎಳೆಯುತ್ತಾರೆ. ಓಣಿಯ ಕೊನೆ ಮನೆಯ ಕೊಡ ಅರ್ಧಕ್ಕೇ ನಿಲ್ಲುತ್ತದೆ. ನೀರು ನಿಂತ ಮೇಲೆ ಬರಿದಾದ ಪೈಪು ಸೋರುವ ಕಡೆಯಿಂದ ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಕುಡಿಯುವ ನೀರಿಗೆ ಜನ ಶುದ್ಧ ನೀರಿನ ಘಟಕಕ್ಕೆ ಹೋಗುತ್ತಾರೆ. ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಎಂದು ಹಿಡಿದರೂ ಸಾವಿರ ಲೀಟರಿಗೆ 250 ರೂಪಾಯಿ. ಒಳಚರಂಡಿ ಮುಟ್ಟದ ಮನೆಗಳ ಶೌಚಗುಂಡಿ ತುಂಬಿದರೆ ಸಕ್ಕಿಂಗ್ ಗಾಡಿಯವನು ಹೇಳಿದ್ದೇ ದರ. ಇದೆಲ್ಲ ಮಾರುಕಟ್ಟೆಯೇ, ಆದರೆ ನಿಯಂತ್ರಣವಿಲ್ಲದ ಮಾರುಕಟ್ಟೆ; ಕಡಿಮೆ ಇದ್ದವರೇ ಇಲ್ಲಿ ಹೆಚ್ಚು ತೆರುತ್ತಾರೆ.

ನೀರು ಹಕ್ಕು, ಅದಕ್ಕೆ ಸ್ಪರ್ಧೆಯ ಮಾತೇ ಸಲ್ಲದು ಎನ್ನುವವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಹಕ್ಕನ್ನೂ ಅಳೆಯಬೇಕು. ಅಳೆಯದಿದ್ದರೆ ಅದು ಮೋಟಾರ್ ಇದ್ದವರ ಪಾಲಾಗುತ್ತದೆ. ಸಣ್ಣ ಊರಿಗೆ ಯಾವ ಕಂಪನಿ ಬಂದೀತು ಎಂಬ ಪ್ರಶ್ನೆಗೆ ಉತ್ತರ: ಬರಲೇಬೇಕೆಂದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳು ಮತ್ತು ಕಿತ್ತೂರಿನ ಪಟ್ಟಣ ಪಂಚಾಯಿತಿ ಇರುವುದು ಒಂದೇ ಕೊಳ್ಳದಲ್ಲಿ, ಒಂದೇ ಜಿಲ್ಲೆಯಲ್ಲಿ. ಇವುಗಳ ಸೋರಿಕೆ, ಖರ್ಚು, ನೀರು ಬಿಡುವ ಅಂತರ, ಹೊಲಸು ನೀರಿನ ಸಂಸ್ಕರಣೆಯನ್ನು ಪಕ್ಕಪಕ್ಕ ಇಟ್ಟು ಪ್ರತಿ ವರ್ಷ ಪ್ರಕಟಿಸಿದರೆ, ಯಾವ ಟೆಂಡರೂ ಇಲ್ಲದೆ ಸ್ಪರ್ಧೆ ಶುರುವಾಗುತ್ತದೆ. ವಿದ್ಯುತ್ ದರಕ್ಕೆ 1999ರಿಂದ ನಮ್ಮಲ್ಲಿ ಸ್ವತಂತ್ರ ನಿಯಂತ್ರಣ ಆಯೋಗವಿದೆ. ಮಹಾರಾಷ್ಟ್ರ 2005ರಲ್ಲೇ ನೀರಿಗೆ ಪ್ರಾಧಿಕಾರ ಮಾಡಿಕೊಂಡಿದೆ. ಕರ್ನಾಟಕದ ನಗರ ನೀರಿಗೆ ಮಾತ್ರ ಅಂಥ ಸ್ವತಂತ್ರ ಆಯೋಗ ಇನ್ನೂ ಇಲ್ಲ. ಗುತ್ತಿಗೆದಾರರನ್ನು ಕರೆಯುವ ಮೊದಲು ಆ ಆಯೋಗವನ್ನು ಕಟ್ಟಬೇಕು, ಅದರ ಮೊದಲ ವರದಿ ಈ ನಾಲ್ಕು ಊರುಗಳ ಮೇಲೆ ಬರಬೇಕು.