ಹುದೈಬಿಯಾದ ಗುಡಾರದೊಳಗಿನ ಒಂದು ಸಲಹೆ

ಹಿಜರಿ 6ನೆಯ ವರ್ಷ, ಅಂದರೆ ಕ್ರಿ.ಶ. 628. ಪ್ರವಾದಿ ಮುಹಮ್ಮದ್(ಸ)ರೊಂದಿಗೆ ಉಮ್ರಾ ಯಾತ್ರೆಗೆಂದು ಹೊರಟಿದ್ದ ಸುಮಾರು 1400 ಮಂದಿಯನ್ನು ಕುರೈಶರು ಮಕ್ಕಾ ಪ್ರವೇಶಿಸಲು ಬಿಡಲಿಲ್ಲ. ನಗರದ ಹೊರಗೆ ಹುದೈಬಿಯಾದಲ್ಲಿ ಒಪ್ಪಂದವಾಯಿತು. ಆದರೆ ಎಂಥ ಷರತ್ತುಗಳು! ಈ ವರ್ಷ ಕಅಬಾ ಕಾಣದೆ ಮರಳಬೇಕು. ಮುಂದಿನ ವರ್ಷ ಮೂರೇ ದಿನ ಇರಬಹುದು. ಮಕ್ಕಾದಿಂದ ಓಡಿಬಂದವರನ್ನು ಹಿಂದಕ್ಕೊಪ್ಪಿಸಬೇಕು. ಅತ್ತ ಹೋದವರನ್ನು ಕುರೈಶರು ಕೊಡುವುದಿಲ್ಲ.

ಒಪ್ಪಂದ ಬರೆಯುತ್ತಿರುವಾಗಲೇ ಅಬೂ ಜಂದಲ್(ರ) ಬೇಡಿಗಳನ್ನು ಎಳೆದುಕೊಂಡು ಬಂದರು. ಕುರೈಶರ ಪರ ಸಂಧಾನಕ್ಕೆ ಕುಳಿತಿದ್ದ ಸುಹೈಲ್ ಬಿನ್ ಅಮ್ರ್ ಅವರ ತಂದೆಯೇ. ಮಗನನ್ನು ಬಿಡಲು ಅವರು ಒಪ್ಪಲಿಲ್ಲ. ಅಬೂ ಜಂದಲ್‌ರನ್ನು ಮರಳಿ ಕಳುಹಿಸಬೇಕಾಯಿತು. ಇದನ್ನು ಕಣ್ಣಾರೆ ಕಂಡವರ ಎದೆಯಲ್ಲಿ ಏನಾಗಿರಬೇಡ!

ಹಝ್ರತ್ ಉಮರ್(ರ) ತಾಳಲಾರದೆ, ನಾವು ಸತ್ಯದ ಮೇಲಿಲ್ಲವೇ, ಮತ್ತೇಕೆ ಈ ಅವಮಾನವೆಂದು ಪ್ರವಾದಿವರ್ಯರನ್ನು(ಸ) ಕೇಳಿದರು. ಅಬೂಬಕರ್(ರ)ರನ್ನೂ ಕೇಳಿದರು. ಅದು ಉದ್ಧಟತನವಲ್ಲ, ಆತ್ಮಸಾಕ್ಷಿಯ ಕುದಿತ. ಆದರೆ ಮುಂದೇನು ಮಾಡೋಣ ಎಂಬುದು ಆ ಪ್ರಶ್ನೆಯಲ್ಲಿರಲಿಲ್ಲ. ಅದಕ್ಕಾಗಿ ತಾನು ಮುಂದೆ ಎಷ್ಟೋ ಸತ್ಕರ್ಮಗಳನ್ನು ಮಾಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ.

ಬಲಿಪ್ರಾಣಿಗಳನ್ನು ಇಲ್ಲೇ ಕೊಯ್ದು ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿವರ್ಯರು ಹೇಳಿದರು. ಹಾಗೆ ಮಾಡಿದರೆ ಯಾತ್ರೆ ಅಲ್ಲಿಗೇ ಮುಗಿದಂತೆ. ಮೂರು ಬಾರಿ ಹೇಳಿದರೂ ಒಬ್ಬರೂ ಏಳಲಿಲ್ಲ. ಅವರ ಒಂದು ಮಾತಿಗೆ ಪ್ರಾಣ ಕೊಡಲು ಸಿದ್ಧರಿದ್ದ ಜನ ಇವರು!

ಗುಡಾರದಲ್ಲಿದ್ದವರು ಪತ್ನಿ ಉಮ್ಮು ಸಲಮಾ(ರ). ಅವರೂ ಮಕ್ಕಾದ ಹೆಣ್ಣುಮಗಳೇ. ಹಿಂದೆ ಹಿಜ್ರತ್‌ಗೆ ಹೊರಟಾಗ ಗಂಡನಿಂದಲೂ ಮಗುವಿನಿಂದಲೂ ಅವರನ್ನು ಅಗಲಿಸಲಾಗಿತ್ತು. ನೋವೇನೆಂದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಪ್ರವಾದಿವರ್ಯರು ನಡೆದುದನ್ನು ತಿಳಿಸಿದಾಗ ಅವರು ಜನರನ್ನು ದೂರಲಿಲ್ಲ, ಒಪ್ಪಂದವನ್ನೂ ಹಳಿಯಲಿಲ್ಲ. ಜನ ಹಾಗೆ ಮಾಡಬೇಕೆಂಬುದು ತಮ್ಮ ಇಚ್ಛೆಯೇ ಎಂದು ಮೊದಲು ಕೇಳಿದರು. ಹಾಗಿದ್ದರೆ ಹೊರಗೆ ಹೋಗಿ, ಯಾರೊಡನೆಯೂ ಮಾತನಾಡದೆ, ತಮ್ಮ ಒಂಟೆಯನ್ನು ಕೊಯ್ದು, ಕ್ಷೌರಿಕನನ್ನು ಕರೆಸಿಕೊಳ್ಳಿ ಎಂದರು.

ಪ್ರವಾದಿವರ್ಯರು ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು, ಬಲಿ ನೀಡಿದರು, ಒಬ್ಬರ ತಲೆಯನ್ನೊಬ್ಬರು ಬೋಳಿಸತೊಡಗಿದರು. ದುಃಖದ ಭರದಲ್ಲಿ ಒಬ್ಬರನ್ನೊಬ್ಬರು ಕೊಂದುಬಿಡುತ್ತಾರೇನೋ ಎಂಬಂತಿತ್ತೆಂದು ವರದಿಯಲ್ಲಿದೆ. ದುಃಖವೇನೂ ಕರಗಿರಲಿಲ್ಲ.

ಹುದೈಬಿಯಾವನ್ನು ರಾಜನೀತಿಯ ಪಾಠವಾಗಿ ಬಣ್ಣಿಸುವ ನಮ್ಮ ಭಾಷಣಕಾರರು ಗುಡಾರದೊಳಗಿನ ಈ ಮಾತನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಹೆಂಗಸರೊಂದಿಗೆ ಸಮಾಲೋಚನೆಯೇಕೆ ಎನ್ನುವವರಂತೂ ಅದನ್ನು ಎತ್ತುವುದೇ ಇಲ್ಲ.

ಮುಂದೆ ಅಬೂ ಜಂದಲ್(ರ) ಮಕ್ಕಾದಿಂದ ಮತ್ತೆ ತಪ್ಪಿಸಿಕೊಂಡು, ತಮ್ಮಂತೆಯೇ ಓಡಿಬಂದಿದ್ದ ಅಬೂ ಬಸೀರ್(ರ)ರನ್ನು ಸಮುದ್ರತೀರದಲ್ಲಿ ಸೇರಿಕೊಂಡರು. ಅವರ ತಂಡ ವ್ಯಾಪಾರಿ ಸಾರ್ಥಗಳನ್ನು ತಡೆಯತೊಡಗಿದಾಗ, ಓಡಿಬಂದವರನ್ನು ನೀವೇ ಇಟ್ಟುಕೊಳ್ಳಿರೆಂದು ಕುರೈಶರೇ ಮದೀನಾಕ್ಕೆ ಹೇಳಿ ಕಳುಹಿಸಿದರು.