ಹೊಗೆಯ ಋಣ: ಟ್ರೇಲ್‌ನಿಂದ ಹೇಗ್‌ವರೆಗೆ

ಹೊಗೆಗೆ ಗಡಿಯಿಲ್ಲ; ನ್ಯಾಯಕ್ಕಾದರೋ ಗಡಿಯೇ ಮೊದಲ ತೊಡಕು. ಈ ತೊಡಕನ್ನು ಬಿಡಿಸಿದ ವ್ಯಾಜ್ಯಗಳಲ್ಲಿ ಟ್ರೇಲ್ ವ್ಯಾಜ್ಯವು ಪ್ರಸಿದ್ಧವಾದುದು. ಕೆನಡಾದ ಟ್ರೇಲ್ ಎಂಬ ಊರಿನ ಸೀಸ-ಸತುವಿನ ಕುಲುಮೆಯಿಂದೆದ್ದ ಗಂಧಕದ ಹೊಗೆಯು ಗಡಿ ದಾಟಿ, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಹೊಲಗಳನ್ನೂ ಕಾಡುಗಳನ್ನೂ ಕೆಡಿಸುತ್ತಿದ್ದಿತು. ಉಭಯ ರಾಷ್ಟ್ರಗಳು ಒಪ್ಪಿ ನೇಮಿಸಿದ ಪಂಚಾಯ್ತಿ ಮಂಡಲಿಯು 1938ರಲ್ಲಿ, ಕೆನಡಾವು 78,000 ಡಾಲರುಗಳ ಪರಿಹಾರವನ್ನು ತೆರಬೇಕೆಂದು ವಿಧಿಸಿತು. ತನ್ನ ನೆಲದಿಂದ ಹೊರಟ ಹೊಗೆಯಿಂದ ನೆರೆನಾಡಿಗೆ ಗುರುತರವಾದ ಹಾನಿಯಾಗಗೊಡುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು 1941ರ ಅಂತಿಮ ತೀರ್ಪಿನಲ್ಲಿ ಸಾರಿತು.

ಅಲ್ಲಿದ್ದುದು ಒಂದೇ ಕುಲುಮೆ, ಒಂದೇ ಕಣಿವೆ. ಹವಾಮಾನ ಬದಲಾವಣೆಯಲ್ಲಿ ಕುಲುಮೆಗಳು ಅಸಂಖ್ಯ, ಹಾನಿಯು ಭೂಮಂಡಲಕ್ಕೇ. ಚಂಡಮಾರುತ, ಕಡಲೇರಿಕೆಗಳಿಂದ ನೊಂದ ವನುವಾಟು ದ್ವೀಪರಾಷ್ಟ್ರದ ಮುಂದಾಳುತನದಲ್ಲಿ, ವಿಶ್ವಸಂಸ್ಥೆಯ ಮಹಾಸಭೆಯು 2023ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿತು. 2025ರ ಜುಲೈ 23ರಂದು ನ್ಯಾಯಾಲಯವು ಒಮ್ಮತದಿಂದ ಉತ್ತರವಿತ್ತಿತು: ಹಾನಿಯನ್ನು ತಡೆಯಲು ಶ್ರಮಿಸುವುದು ರಾಷ್ಟ್ರಗಳ ಕರ್ತವ್ಯ; ತಪ್ಪಿದಲ್ಲಿ, ಕಾರ್ಯಕಾರಣ ಸಂಬಂಧವು ಸಿದ್ಧವಾದರೆ, ಪರಿಹಾರವೂ ಸಲ್ಲತಕ್ಕದ್ದು.

ಈ ಅಭಿಪ್ರಾಯಕ್ಕೆ ತೀರ್ಪಿನ ಬಂಧನಶಕ್ತಿಯಿಲ್ಲ. ಯಾರ ಪಾಲು ಎಷ್ಟೆಂಬ ಲೆಕ್ಕವನ್ನೂ ಅದು ಹಾಕಿಲ್ಲ. ಆದರೂ ಋಣವು ಖಾತೆಗೇರದೆ ವಸೂಲಿಯು ಆರಂಭವಾಗದೆಂಬುದು ವ್ಯವಹಾರ ಬಲ್ಲವರಿಗೆ ವಿದಿತವೇ. ಆ ಬರಹವು ಈಗ ಆಗಿದೆ. ಕಡಲಂಚಿನ ಜನರಿಗೆ ಉಳಿದಿರುವ ಅವಧಿ ಮಾತ್ರ ಅಲ್ಪ.